ಕೊನೆಯ ನಾಲ್ಕು ಕ್ರೆಡಿಟ್

ಈಗಲೂ ಪ್ರಶ್ನೆಪತ್ರಿಕೆ ಕೈಗೆ ಬಂದರೆ ನಾನು ಮೊದಲು ಪ್ರಶ್ನೆಗಳನ್ನು ಓದುವುದಿಲ್ಲ. ಮೇಲಿನ ಮೂಲೆಯ ಕೋಡ್ ನೋಡುತ್ತೇನೆ, ಹಾಲ್ ಟಿಕೆಟ್ ಜೊತೆ ತಾಳೆ ಹಾಕುತ್ತೇನೆ, ಮತ್ತೊಮ್ಮೆ ಹಾಕುತ್ತೇನೆ. ಆಮೇಲೆಯೇ ಪ್ರಶ್ನೆಗಳತ್ತ ಕಣ್ಣು.

ಅದು ನನ್ನ ನಾಲ್ಕನೇ ಸೆಮಿಸ್ಟರ್. ಆಡೂರಿನಿಂದ ಬೆಳಗಿನ ಬಸ್ಸಿಗೆ ಹಾನಗಲ್ಲಿಗೆ ಬಂದು, ಪರೀಕ್ಷಾ ಕೇಂದ್ರದ ಅಂಗಳದ ಬೇವಿನ ಮರದ ಕೆಳಗೆ ಇತಿಹಾಸದ ನೋಟ್ಸ್ ತಿರುವುತ್ತಿದ್ದೆ. ಮೂವತ್ತರ ಆಸುಪಾಸಿನ ಅಕ್ಕ ಒಬ್ಬರು ಪಕ್ಕದಲ್ಲಿ ಬಂದು ಕೂತರು. ಹುಲಗೂರಿನವರು, ಶಿಗ್ಗಾಂವಿಯಲ್ಲಿ ಬಸ್ ಬದಲಿಸಿ ಬಂದಿದ್ದರು. ಊರಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಮದುವೆಯ ಗಡಿಬಿಡಿಯಲ್ಲಿ ಉಳಿದುಹೋದ ಅರ್ಥಶಾಸ್ತ್ರದ ಒಂದೇ ಒಂದು ಪೇಪರ್ ಅವರಿಗೆ ಬಾಕಿ ಇತ್ತು. ಅದರ ನಾಲ್ಕು ಕ್ರೆಡಿಟ್ ಸೇರಿದರೆ ಪದವಿ, ಪದವಿ ಸಿಕ್ಕರೆ ಮೇಲ್ವಿಚಾರಕಿ ಹುದ್ದೆಗೆ ಅರ್ಜಿ. ಉಳಿದ ಪೇಪರುಗಳಲ್ಲಿ ಎಷ್ಟೇ ಅಂಕವಿದ್ದರೂ ಈ ನಾಲ್ಕರ ಕೊರತೆ ತುಂಬುವುದಿಲ್ಲ. ಪಾಸಾದರೆ ನಾಲ್ಕೂ ಬರುತ್ತವೆ, ಫೇಲಾದರೆ ಸೊನ್ನೆ. ಅವರು ಓದಿದ ಹಳೆಯ ಪಠ್ಯಕ್ರಮಕ್ಕೆ ಇದೇ ಕೊನೆಯ ಪರೀಕ್ಷೆ ಎಂದು ವಿಶ್ವವಿದ್ಯಾಲಯ ಹೇಳಿಬಿಟ್ಟಿತ್ತು.

ಹಾಲ್ ಟಿಕೆಟ್ ತೋರಿಸಿ ನಕ್ಕರು. ಪೇಪರ್ ಕೋಡಿನ ಕೊನೆಗೆ 786 ಇತ್ತು.

“ನಮ್ಮೂರ ದರ್ಗಾದ ಅಂಕಿ ಬಂದೈತಿ ನೋಡು ತಂಗಿ. ಇನ್ನ ನನ್ನ ಯಾರು ಫೇಲ್ ಮಾಡ್ತಾರ?”

ಕೊಠಡಿಯಲ್ಲಿ ಅಕ್ಕಪಕ್ಕದವರು ಒಂದೇ ವಿಷಯ ಬರೆಯದಂತೆ ಕೂರಿಸುತ್ತಾರೆ. ಹಾಗಾಗಿ ಇತಿಹಾಸದ ನನ್ನ ಪಕ್ಕದ ಸಾಲಿಗೇ ಅರ್ಥಶಾಸ್ತ್ರದ ಅಕ್ಕ ಬಂದರು. ಗಂಟೆ ಹೊಡೆಯಿತು. ಇಬ್ಬರೂ ತಲೆ ತಗ್ಗಿಸಿ ಬರೆಯತೊಡಗಿದೆವು.

ಸುಮಾರು ಅರ್ಧ ಗಂಟೆಯಾಗಿರಬೇಕು. ಫ್ಯಾನಿನ ಗಾಳಿಗೆ ಅಕ್ಕನ ಪ್ರಶ್ನೆಪತ್ರಿಕೆ ಹಾರಿ ನಮ್ಮಿಬ್ಬರ ನಡುವೆ ಬಿತ್ತು. ಅವರು ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಮೂಲೆಯ ಕೋಡ್ ನನ್ನ ಕಣ್ಣಿಗೆ ಬಿತ್ತು. ಕೊನೆಯ ಅಂಕಿಗಳು 786 ಅಲ್ಲ. ಅದು ನಮ್ಮ ಹೊಸ ಪಠ್ಯಕ್ರಮದವರ ಅರ್ಥಶಾಸ್ತ್ರದ ಪತ್ರಿಕೆ. ಅಕ್ಕನ ಉತ್ತರಪತ್ರಿಕೆಯ ಮೇಲೆ ಮಾತ್ರ 786 ಎಂದು ದುಂಡಗೆ ಬರೆದಿತ್ತು. ಪ್ರಶ್ನೆಪತ್ರಿಕೆ ನೋಡದೆ ಹಾಲ್ ಟಿಕೆಟಿನಿಂದಲೇ ಇಳಿಸಿಕೊಂಡಿದ್ದರು. ಮೊದಲ ಪ್ರಶ್ನೆ ಬೇಡಿಕೆಯ ನಿಯಮ, ಎರಡೂ ಪಠ್ಯಕ್ರಮದಲ್ಲಿ ಇರುವಂಥದ್ದು. ಹಾಗಾಗಿ ಅನುಮಾನವೇ ಬಂದಿರಲಿಲ್ಲ. ಮೌಲ್ಯಮಾಪಕರ ಕೈಯಲ್ಲಿರುವ ಪ್ರಶ್ನೆಗಳೇ ಬೇರೆ, ಅಕ್ಕನ ಉತ್ತರಗಳೇ ಬೇರೆ.

ಹೇಳಬೇಕು. ಆದರೆ ಹೇಗೆ? ಹಿಂದಿನ ದಿನವಷ್ಟೇ ಅದೇ ಕೊಠಡಿಯಲ್ಲಿ ಹಿಂದೆ ತಿರುಗಿ ಮಾತಾಡಿದ ಹುಡುಗಿಯೊಬ್ಬಳನ್ನು ಹೊರಗೆ ಕಳಿಸಿದ್ದರು. ಎದ್ದು ನಿಂತರೆ, ಪಕ್ಕದವರ ಪೇಪರ್ ನೋಡಿದೆ ಎಂದು ನಾನೇ ಒಪ್ಪಿಕೊಂಡಂತೆ. ನನ್ನ ಸೆಮಿಸ್ಟರ್ ಪೂರ್ತಿ ಹೋಗಬಹುದು. ಗೋಡೆಯ ಗಡಿಯಾರ ನೋಡುತ್ತ ಸುಮ್ಮನೆ ಕೂತೆ. ಹತ್ತು ನಿಮಿಷ. ಅಕ್ಕ ಹುರುಪಿನಿಂದ ಪುಟ ತಿರುವುತ್ತಿದ್ದರು.

ಆಮೇಲೆ ಎದ್ದು ನಿಂತುಬಿಟ್ಟೆ.

“ಮೇಡಂ, ಈ ಅಕ್ಕಾರಿಗೆ ಬ್ಯಾರೆ ಪೇಪರ್ ಬಂದೈತ್ರಿ.”

ಎಲ್ಲರ ಪೆನ್ನುಗಳೂ ನಿಂತವು. ಮೇಲ್ವಿಚಾರಣೆಯ ಮೇಡಂ ಹತ್ತಿರ ಬರುವ ಮೊದಲೇ ಅಕ್ಕ ನನ್ನನ್ನು ದುರುಗುಟ್ಟಿ ನೋಡಿ, “ಸುಮ್ಮ ಕುಂದ್ರವ್ವಾ. ನನ್ನ ಪೇಪರ್ ಸರಿ ಐತಿ” ಎಂದರು.

“ನಿನಗ ಹೆಂಗ ಗೊತ್ತು? ಆಕಿ ಪೇಪರ್ ನೋಡಾಕತ್ತಿದ್ದೇನು?” ಮೇಡಂ ನನ್ನ ಉತ್ತರಪತ್ರಿಕೆ ಕಿತ್ತುಕೊಂಡರು. ಅದೇ ಹೊತ್ತಿಗೆ ಬಾಗಿಲಲ್ಲಿ ಸ್ಕ್ವಾಡ್, ಅಂದರೆ ನಕಲು ಹಿಡಿಯಲು ವಿಶ್ವವಿದ್ಯಾಲಯ ಕಳಿಸುವ ತಂಡ. ಮುಂದಿದ್ದ ಹಿರಿಯರಿಗೆ ಮೇಡಂ ನಡೆದದ್ದನ್ನು ಹೇಳಿದರು. ಅವರು ನನ್ನ ಉತ್ತರಗಳ ಮೇಲೆ ಕಣ್ಣಾಡಿಸಿದರು, ಅಕ್ಕನದನ್ನೂ ನೋಡಿದರು. ನಾನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದೆ.

“ಇತಿಹಾಸ ಬರಿಯಾಕಿ ಅರ್ಥಶಾಸ್ತ್ರ ಕಾಪಿ ಹೊಡದು ಏನ್ ಮಾಡ್ತಾಳ್ರಿ ಮೇಡಂ?” ಎಂದು ಅವರು ಅಕ್ಕನ ಹಾಲ್ ಟಿಕೆಟನ್ನು ಪ್ರಶ್ನೆಪತ್ರಿಕೆಯ ಪಕ್ಕ ಇಟ್ಟರು. ಒಂದೊಂದೇ ಅಂಕಿಯ ಮೇಲೆ ಬೆರಳು ಸರಿಸಿದರು. ಕೊನೆಯ ಮೂರರಲ್ಲಿ ಬೆರಳು ನಿಂತಿತು.

ಅಕ್ಕನ ಮುಖ ಬಿಳಿಚಿತು.

ಮುಂದಿನದೆಲ್ಲ ಓಟ. ಜವಾನರು ಮೆಟ್ಟಿಲು ಹಾರುತ್ತ ಇಳಿದು ಹೋದರು. ಹಳೆಯ ಪಠ್ಯಕ್ರಮದವರು ಇಡೀ ಕೇಂದ್ರಕ್ಕೆ ಈ ಅಕ್ಕ ಒಬ್ಬರೇ. ಅವರ ಪತ್ರಿಕೆ ಇದ್ದ ಲಕೋಟೆ ಒಡೆಯದೆ ಕಚೇರಿಯ ಕಪಾಟಿನಲ್ಲೇ ಉಳಿದಿತ್ತಂತೆ. ಅದು ಬರುವಾಗ ಮೂರು ಗಂಟೆಯ ಪರೀಕ್ಷೆಯಲ್ಲಿ ಒಂದೂಮುಕ್ಕಾಲು ಗಂಟೆ ಉಳಿದಿತ್ತು. ಹೆಚ್ಚಿನ ಸಮಯ ಕೊಡುವ ಅಧಿಕಾರ ತಮಗಿಲ್ಲ ಎಂದು ಹಿರಿಯರು ಬೇಸರದಿಂದಲೇ ಹೇಳಿ, ನನ್ನ ಉತ್ತರಪತ್ರಿಕೆ ಮರಳಿಸಿದರು. ಅಕ್ಕ ಕಣ್ಣು ಒರೆಸಿಕೊಳ್ಳಲೂ ಇಲ್ಲ. ಬರೆದಿದ್ದಕ್ಕೆ ಅಡ್ಡಗೆರೆ ಎಳೆದು, ಹೊಸ ಪುಟ ತೆರೆದು, ಒಂದೇ ಸಮನೆ ಬರೆದರು. ಕೊನೆಯ ಗಂಟೆ ಹೊಡೆದ ಮೇಲೂ ಪೆನ್ನು ಬಿಡಲಿಲ್ಲ; ಮೇಡಂ ಅದನ್ನು ಅವರ ಕೈಯಿಂದ ಬಿಡಿಸಿಕೊಳ್ಳಬೇಕಾಯಿತು. ಹೊರಗೆ ನನ್ನ ಕೈ ಹಿಡಿದರು. ನನ್ನ ನಂಬರ್ ಬರೆದುಕೊಂಡು ಬಸ್ಸಿಗೆ ಓಡಿದರು.

ಫಲಿತಾಂಶದ ದಿನ ಫೋನ್ ಬಂತು. “ನಾಕೂ ಬಂದುವು ತಂಗಿ” ಎಂದರು ಅಕ್ಕ. ನಾನು ಮನೆಯ ಅಂಗಳದಲ್ಲಿ ಕುಣಿದುಬಿಟ್ಟೆ. ಅರ್ಜಿಯನ್ನೂ ತುಂಬುತ್ತಿದ್ದೇನೆ ಎಂದರು. ಅಂಕ ಎಷ್ಟು ಎಂದು ಕೇಳಿದೆ. ಪಾಸಿಗೆ ಬೇಕಾದ್ದಕ್ಕಿಂತ ಒಂದೇ ಒಂದು ಹೆಚ್ಚು.

ಫೋನ್ ಇಟ್ಟ ಮೇಲೆ ಕೂತುಬಿಟ್ಟೆ. ಗಡಿಯಾರ ನೋಡುತ್ತ ಸುಮ್ಮನೆ ಕೂತ ಆ ಹತ್ತು ನಿಮಿಷದ ವಿಷಯ ಅಕ್ಕನಿಗೆ ಇಂದಿಗೂ ಹೇಳಿಲ್ಲ. ಇನ್ನೂ ಹತ್ತು ನಿಮಿಷ ಹಾಗೇ ಕೂತಿದ್ದರೆ ಆ ಒಂದು ಅಂಕ ಎಲ್ಲಿರುತ್ತಿತ್ತು?