ಒಂಟಿಕೊಂಬಿನ ತೋಪು

ಮೇಜಿನ ಮೇಲೆ ಗೊಂಬೆ ಸೈನ್ಯ ನಿಲ್ಲಿಸಿ, ದಾಳ ಹಾಕಿ ಯುದ್ಧ ಆಡುವ ಹುಚ್ಚು ನನಗೆ. ಐವತ್ತು ದಾಟಿದವನಿಗೆ ಇದೆಂಥ ಆಟ ಎಂದು ಕೇಳಿ ಕೇಳಿ ಹೆಂಡತಿ ಸುಸ್ತಾಗಿದ್ದಾಳೆ. ನನ್ನದು ಹತ್ತೊಂಬತ್ತನೇ ಶತಮಾನದ ಆರಂಭದ ರಷ್ಯನ್ ಸೈನ್ಯ. ಅದಕ್ಕೆ ಸರಿಯಾದ ತೋಪು ಮಾತ್ರ ಎಲ್ಲೂ ಸಿಗಲಿಲ್ಲ. ತರಿಸಿದ್ದೆಲ್ಲ ಫ್ರೆಂಚ್ ತೋಪೇ. ಹಸಿರು ಬಣ್ಣ ಬಳಿದು, ಡಬ್ಬಿಯ ಮೇಲೆ ರಷ್ಯನ್ ಎಂದು ಬರೆದದ್ದು. ಪೀಣ್ಯದ ಕಾರ್ಖಾನೆಯಲ್ಲಿ ತಪಾಸಣೆಯೇ ಕೆಲಸವಾಗಿರುವ ನಾನು ಇದನ್ನು ಸಹಿಸುವುದುಂಟೇ? ಕಣ್ಣಿದ್ದೂ ಕುರುಡರು ಎಂದು ಆ ತಯಾರಕರನ್ನು ಬೈದಿದ್ದೇ ಬೈದಿದ್ದು.

ಕೊನೆಗೆ ಹಳೆಯ ನಕ್ಷೆಯೊಂದನ್ನು ಹುಡುಕಿ ನಾನೇ ಡ್ರಾಯಿಂಗ್ ಮಾಡಿದೆ. ರಷ್ಯನ್ನರು ಒಂಟಿಕೊಂಬಿನ ಕುದುರೆಯ ಹೆಸರಿಟ್ಟು ಕರೆಯುತ್ತಿದ್ದ ತೋಪು ಅದು. ಅದರ ನಳಿಕೆಯ ಒಳಗೆ, ಮದ್ದು ತುಂಬುವ ತಳಭಾಗ ಆಲಿಕೆಯ ಹಾಗೆ ಕಿರಿದಾಗುತ್ತದೆ. ಹೊರಗೆ ಕಾಣದ್ದನ್ನು ಚುಕ್ಕಿ ಗೆರೆಯಲ್ಲಿ ತೋರಿಸುವುದು ನಮ್ಮ ರೂಢಿ; ಕೈ ತಾನಾಗಿ ಎಳೆದುಬಿಟ್ಟಿತು. ಬೆರಳುದ್ದದ ಗೊಂಬೆ ತೋಪಿಗೆ ಅದು ಬೇಕೇ ಇರಲಿಲ್ಲ.

ನಮ್ಮ ಕಾರ್ಖಾನೆಯ ಲೇತ್ ಯಂತ್ರದ ಕೆಲಸಕ್ಕೆ ಹೊಸದಾಗಿ ಸೇರಿದ್ದ ಬಾಗಲಕೋಟೆ ಕಡೆಯವನೊಬ್ಬನಿಗೆ ಆರು ಹಿತ್ತಾಳೆ ನಳಿಕೆ ಮಾಡಲು ಹೇಳಿದೆ. ಲಗ್ಗೆರೆಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು, ಕೆಲಸ ಕಾಯಂ ಆಗುವುದನ್ನೇ ಕಾಯುತ್ತಿದ್ದ. ಊಟದ ಬಿಡುವಿನಲ್ಲಿ ಮಾಡಿಕೊಡುತ್ತೇನೆ ಎಂದವನು ತಿಂಗಳಾದರೂ ಕೊಟ್ಟಿದ್ದು ಎರಡೇ. ನಾನು ವರ್ನಿಯರ್ ಮಾಪಕದಲ್ಲಿ ಹೊರಗಿನ ಅಳತೆ ಮಾತ್ರ ನೋಡಿದೆ. ಆಟಕ್ಕೆ ಗೊತ್ತು ಮಾಡಿದ್ದ ಭಾನುವಾರ ಬಂದು ಹೋಗಿತ್ತು, ಉರಿದುಬಿದ್ದೆ.

"ಎರಡು ನಳಿಕೆಗೆ ಒಂದು ತಿಂಗಳೇನಯ್ಯಾ?"

"ಸೂಕ್ಷ್ಮ ಕೆಲಸ ಐತ್ರಿ ಸರ" ಎಂದಷ್ಟೇ ಹೇಳಿದ.

ಅದೇ ವಾರ ಮ್ಯಾನೇಜರು ಅವನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರು. ಎಲುಬಿಲ್ಲದ ನಾಲಿಗೆ, "ಕೈ ನಿಧಾನ ಸಾರ್, ನಮ್ಮಲ್ಲಿಗೆ ಆಗಲ್ಲ" ಅಂದುಬಿಟ್ಟಿತು. ಅವನನ್ನು ಕೆಲಸದಿಂದ ಬಿಡಿಸಿದರು.

ಎಷ್ಟೋ ದಿನಗಳ ಮೇಲೆ, ನಳಿಕೆಯ ಬಾಯಲ್ಲಿ ಕಟ್ಟಿಕೊಂಡಿದ್ದ ಬಣ್ಣ ತೆಗೆಯಲು ತಂತಿ ತೂರಿಸಿದೆ. ಅದು ಒಳಗೆ ಹೋಗುತ್ತಲೇ ಇತ್ತು. ತೋರಿಕೆಗೆ ಬಾಯಷ್ಟೇ ಕೊರೆದಿರುತ್ತಾನೆ ಎಂದುಕೊಂಡಿದ್ದವನು ಟಾರ್ಚ್ ಬಿಟ್ಟು ನೋಡಿದೆ. ತಳದಲ್ಲಿ ಆಲಿಕೆಯ ಆಕಾರವಿತ್ತು, ನಾನು ಬರೆದ ಹಾಗೆಯೇ. ನಾನು ಅಷ್ಟು ವರ್ಷ ಹುಡುಕಿದ ಸಾಚಾ ತೋಪನ್ನು ಮಾಡಿಕೊಟ್ಟವನ ಅನ್ನಕ್ಕೆ ನಾನೇ ಕಲ್ಲು ಹಾಕಿದ್ದೆ.

ತಪ್ಪೊಪ್ಪಿಕೊಳ್ಳಬೇಕೆಂದೇ ನಂಬರ್ ಹುಡುಕಿ ಫೋನ್ ಮಾಡಿದೆ. ಅತ್ತಿಬೆಲೆಯ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದನಂತೆ.

"ಒಳಗೆ ಯಾಕಪ್ಪ ಕೊರೆದೆ? ಯಾರು ನೋಡ್ತಾರೆ ಅದನ್ನ?"

"ಚುಕ್ಕಿ ಗೆರಿ ಹಾಕಿದ್ರಲ್ರೀ ಸರ. ಅಷ್ಟು ಸಣ್ಣ ಟೂಲ್ ಸಿಗಲಿಲ್ಲ, ನಾನ ಸಾಣಿ ಹಿಡ್ದು ಮಾಡ್ಕೊಂಡೆ. ನೀವು ಒಳಗ ನೋಡಿದ್ರೇನ್ರಿ?"

"ಅವತ್ತೇ ನೋಡ್ದೆ" ಎಂದು ಸುಳ್ಳು ಹೇಳಿದೆ.

"ನನಗ ಗೊತ್ತಿತ್ರಿ. ಕೈ ನಿಧಾನ ಅಂತ ಯಾರೋ ಚಾಡಿ ಹೇಳ್ಯಾರ. ತೋಪು ಮಾಡ್ಸಿದ ಸರ ಮಾತ್ರ ಹಂಗ ಅಂದಿರಂಗಿಲ್ಲ ಅಂತ ನನ್ನ ಹೆಂಡ್ತಿ ಮುಂದನೂ ಹೇಳೀನ್ರಿ. ಹೌದಲ್ರೀ?"

"ಹ್ಞೂಂ ಕಣಪ್ಪ" ಎಂದೆ.