ಬೊಟ್ಟಿಲ್ಲದ ಸಿ.ಡಿ.

ಹಳೆಯ ಟ್ರಂಕು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಅರಿಶಿನದ ವಾಸನೆ. ಸೀರೆಗಳ ಅಡಿಯಲ್ಲಿ ಒಂದು ಸಿ.ಡಿ. ಕವರ್. ಮೇಲೆ ಗಗನನೌಕೆ, ಉರಿಯುವ ಗ್ರಹ, ಟಾರ್ಚು ಹಿಡಿದ ಪುಟ್ಟ ಹುಡುಗಿ. ಹದಿನೇಳು ವರ್ಷವಾಯಿತು, ಅದನ್ನು ನಾನು ವಾಪಸ್ ಕೊಟ್ಟೇ ಇಲ್ಲ...

ಚಾಮರಾಜನಗರದ ನಮ್ಮ ಬೀದಿಯ ಕೊನೆಗೆ, ಹಿಂದೆ ಅರಿಶಿನದ ಗೋದಾಮಾಗಿದ್ದ ಕೋಣೆಯಲ್ಲಿ, ಸಿ.ಡಿ. ಬಾಡಿಗೆಗೆ ಕೊಡುವ ಸಾಹೇಬರಿದ್ದರು. ಬಂದ ಪ್ರತಿ ಸಿನಿಮಾವನ್ನೂ ಮೊದಲು ತಾವೇ ಪೂರ್ತಿ ನೋಡುತ್ತಿದ್ದರು. ಮಕ್ಕಳು ನೋಡಬಹುದು ಅನ್ನಿಸಿದರೆ ಒದ್ದೆ ಹೆಬ್ಬೆರಳನ್ನು ಅರಿಶಿನಕ್ಕೆ ಅದ್ದಿ ಕವರಿನ ಮೂಲೆಗೊಂದು ಬೊಟ್ಟು ಒತ್ತುತ್ತಿದ್ದರು. ಸೆನ್ಸಾರಿನವರ ಸರ್ಟಿಫಿಕೇಟು ಯಾರಿಗೆ ಬೇಕಿತ್ತು? ನಮ್ಮ ಬೀದಿಯ ತಾಯಂದಿರಿಗೆ ಆ ಬೊಟ್ಟೇ ಸಾಕಿತ್ತು.

ಆ ವರ್ಷ ನನ್ನ ಗಂಡ ಅಪಘಾತದಲ್ಲಿ ತೀರಿಕೊಂಡಿದ್ದರು. ಎಂಟು ವರ್ಷದ ಮಗಳಿಗೆ, ಅಪ್ಪ ನಕ್ಷತ್ರಕ್ಕೆ ಹೋಗಿದ್ದಾರೆ ಅಂದುಬಿಟ್ಟಿದ್ದೆ. ಸತ್ಯ ಹೇಳುವ ಧೈರ್ಯ ನನಗಿರಲಿಲ್ಲ. ಆ ಸುಳ್ಳು ಬೀದಿಯವರಿಗೆಲ್ಲ ಗೊತ್ತಿತ್ತು. ಅವಳು ನಗುವುದನ್ನೇ ಮರೆತಿದ್ದಳು. ಒಂದು ದಿನ ಅಂಗಡಿಯಲ್ಲಿ ಈ ಕವರ್ ಕಂಡು ಅವಳ ಮುಖ ಅರಳಿತು. ಸಾಹೇಬರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದರು.

"ರಕ್ತ ಇಲ್ಲ, ಕೆಟ್ಟದ್ದೂ ಇಲ್ಲ. ಆದ್ರೂ ಈ ಮಗೀಗೆ ಬ್ಯಾಡ ಕಣಮ್ಮ. ನಕ್ಷತ್ರಕ್ಕೆ ಓದ ಅಪ್ಪ ಇದ್ರಲ್ಲಿ ವಾಪಸ್ ಬತ್ತಾನೆ."

ಮಕ್ಕಳ ಕತೆ ತಾನೆ ಎಂದು ಹಟ ಮಾಡಿ ತಂದೆ. ನಾನು ಕೂತು ನೋಡಲೂ ಇಲ್ಲ. ಮಗಳು ಮೂರು ಸಲ ನೋಡಿದಳು. ಅಪ್ಪನ ನೌಕೆ ಯಾವತ್ತು ಬರುತ್ತದೆ ಎಂದು ಕೇಳತೊಡಗಿದಳು. ನಾಲ್ಕನೆಯ ದಿನ ಶಾಲೆಯಿಂದ ಮನೆಗೆ ಬರಲಿಲ್ಲ.

ಬೀದಿಬೀದಿ ಅಲೆದು, ಕೊನೆಗೆ ಸಾಹೇಬರ ಅಂಗಡಿ ಮುಂದೆ ನಿಂತು ಜನ ಸೇರುವಂತೆ ಕಿರುಚಿದೆ. "ಮಕ್ಳು ನೋಡ್ಬೋದು ಅಂತ ನೀವೇ ತಾನೆ ಕೊಟ್ಟಿದ್ದು! ನನ್ ಮಗಳ ತಲೆ ಕೆಡಿಸ್ಬುಟ್ರಿ!"

ಸಾಹೇಬರು ನನ್ನ ಮುಖವನ್ನೊಮ್ಮೆ ನೋಡಿದರು. ಬೇಡ ಅಂದಿದ್ದೆ ಎಂದು ಹೇಳಲಿಲ್ಲ.

"ಮಗು ಏನಾರ ತಗಂಡೋಗ್ಯದಾ?"

"ಟಾರ್ಚು..."

"ಸಿನಿಮಾದಲ್ಲಿ ಆ ಉಡುಗಿ ಬೆಟ್ಟ ಅತ್ತಿ ಟಾರ್ಚು ಬೀಸ್ತಾಳೆ. ಆಗ ನೌಕೆ ಇಳೀತದೆ. ಬನ್ನಿ, ಓಗನ."

ಮಗಳಿಗೆ ಗೊತ್ತಿದ್ದ ದೊಡ್ಡ ಬೆಟ್ಟ ಒಂದೇ, ಅಪ್ಪನ ಜೊತೆ ಹೋಗಿದ್ದ ಗೋಪಾಲಸ್ವಾಮಿ ಬೆಟ್ಟ. ಆನೆಗಳು ಓಡಾಡುವ ಜಾಗ. ಸಾಹೇಬರ ಸ್ಕೂಟರಿನ ಹಿಂದೆ ಕೂತು, ಬೆಟ್ಟದ ಬಸ್ಸು ಹಿಡಿಯುವ ಗುಂಡ್ಲುಪೇಟೆವರೆಗೂ ನಾನು ದೇವರನ್ನು ಬೇಡಿದ್ದೆಷ್ಟೋ, ಬೈದದ್ದೆಷ್ಟೋ.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಗಳು ಕೂತಿದ್ದಳು, ಟಾರ್ಚು ಮಡಿಲಲ್ಲಿ. "ಬೆಟ್ಟದ ಬಸ್ಸು ಓಗ್ಬುಡ್ತಂತೆ ಕಣಮ್ಮ," ಎಂದು ಬಿಕ್ಕಿದಳು. ಸಾಹೇಬರು ದೂರದಲ್ಲೇ ನಿಂತು ಕಣ್ಣೊರೆಸಿಕೊಂಡರು.

ಮರುದಿನದಿಂದ ಅವರ ಅಂಗಡಿಗೆ ತಾಯಂದಿರು ಹೋಗಲಿಲ್ಲ. ಅವರು ಬೇಡ ಅಂದಿದ್ದರು ಎಂದು ನಾನೊಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಮಗುವನ್ನು ತಮ್ಮ ಹತ್ತಿರ ಇಟ್ಟುಕೊಳ್ಳಲು ಉಡಿಗಾಲ ಹಳ್ಳಿಯಲ್ಲಿದ್ದ ನನ್ನ ಅತ್ತೆ ಕಾಯುತ್ತಿದ್ದರು. ತಪ್ಪು ನನ್ನದೆಂದು ಗೊತ್ತಾದರೆ ಮಗಳು ಕೈತಪ್ಪುತ್ತಾಳೆ ಎಂದು ಹೆದರಿ ಬಾಯಿ ಹೊಲಿದುಕೊಂಡೆ. ಸಾಹೇಬರೂ ಬಾಯಿಬಿಡಲಿಲ್ಲ. ಎರಡೇ ತಿಂಗಳಲ್ಲಿ ಅಂಗಡಿಗೆ ಬೀಗ ಬಿತ್ತು. ಸಂತೆಮರಹಳ್ಳಿಗೆ ಹೋದರಂತೆ, ಅಲ್ಲೇ ತೀರಿಕೊಂಡರಂತೆ...

ಇವತ್ತು ಟ್ರಂಕಿನ ಪಕ್ಕ ಕೂತಿದ್ದ ಮಗಳೇ ಆ ಕವರನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿದಳು.

"ಇದ್ರಲ್ಲಿ ಬೊಟ್ಟೇ ಇಲ್ವಲ್ಲಮ್ಮ?"

"ಅವ್ರು ಇಟ್ಟಿರ್ಲಿಲ್ಲ ಕಣಮ್ಮಿ. ಬ್ಯಾಡ ಅಂದಿದ್ರು. ನಾನೇ ಹಟ ಮಾಡಿ ತಂದೆ."

ಅವಳು ಕವರನ್ನು ನನ್ನ ಮಡಿಲಲ್ಲಿಟ್ಟು ಎದ್ದುಹೋದಳು. ಅಷ್ಟು ವರ್ಷ ನುಂಗಿಕೊಂಡಿದ್ದ ಮಾತು ಹೊರಬಂತು. ತಪ್ಪು ನನ್ನದೇ ಎಂದು ಈಗ ಯಾರ ಅಂಗಡಿ ಮುಂದೆ ನಿಂತು ಕಿರುಚಲಿ?