ಐಲೆನ್‌ಳ ಕೋಟು

ನನ್ನಕ್ಕ ನೆಲಿಡಾ, ಬೋಯೆದೊ ಬಡಾವಣೆಯ ದರ್ಜಿ. ಕಾರ್ನಿವಲ್ ಬಂತೆಂದರೆ ನಗಾರಿ ಬಡಿಯುತ್ತ ಬೀದಿಯಲ್ಲಿ ಕುಣಿಯುವ ನಮ್ಮ ಮುರ್ಗಾ ತಂಡದ ಕೋಟುಗಳೆಲ್ಲ ಅವಳ ಮಷಿನ್ನಿನಿಂದಲೇ ಹೊರಬರಬೇಕು. ನೆರೆಹೊರೆಯವರು ಅವಳಿಗಿಟ್ಟ ಇನ್ನೊಂದು ಹೆಸರು: ಲಿವರ್ ಕೊಟ್ಟವಳು.

ಆ ಹೆಸರು ನನಗೆ ಬರಬೇಕಿತ್ತು. ತಂಗಿ ಮಿರ್ತಾಳ ಮಗಳು ಐಲೆನ್ ಪಿತ್ತನಾಳ ಸರಿಯಿಲ್ಲದೆ ಹುಟ್ಟಿದ್ದಳು. ಹತ್ತು ತಿಂಗಳಿಗೆ ಅರಿಶಿನ ಬಳಿದಂತಾದಳು. ಯಾರಾದರೂ ಲಿವರಿನ ತುಂಡು ಕೊಟ್ಟರೆ ಮಾತ್ರ ಉಳಿಯುತ್ತಾಳೆ ಎಂದರು. ಅಪ್ಪ ಅಮ್ಮನ ರಕ್ತದ ಗುಂಪು ಹೊಂದಲಿಲ್ಲ. "ನನ್ನದು ತಗೊಳ್ಳಿ" ಎಂದು ವೀರನಂತೆ ಹೋದವನು ನಾನು, ಪಿಜ್ಜಾ ಅಂಗಡಿಯಲ್ಲಿ ಸಂಬಳಕ್ಕಿಂತ ಹೆಚ್ಚು ಚೀಸ್ ಗಳಿಸಿದವನು. ಸ್ಕ್ಯಾನ್ ನೋಡಿದ ಡಾಕ್ಟರು, "ಬರೀ ಕೊಬ್ಬು" ಎಂದು ಮನೆಗೆ ಕಳಿಸಿದರು. ನಲವತ್ತೊಂದರ ನೆಲಿಡಾ ತನ್ನದರಲ್ಲಿ ಒಂದು ತುಂಡು ಕೊಟ್ಟಳು.

ಮುರ್ಗಾದವರು ತಮಗೆ ಪ್ರಿಯವಾದದ್ದರ ಚಿತ್ರವನ್ನು ಕೋಟಿಗೆ ಹಚ್ಚಿಕೊಳ್ಳುತ್ತಾರೆ: ಫುಟ್‌ಬಾಲ್ ಕ್ಲಬ್ಬು, ತೀರಿಹೋದ ಅಪ್ಪ. ಆರು ತುಂಬಿದ ಐಲೆನ್ ಕುಣಿಯಲು ಹಟ ಹಿಡಿದಾಗ ನೆಲಿಡಾ ಅವಳ ಕೋಟಿನ ಬೆನ್ನಿಗೆ ಕೆಂಪು ಮಿನುಗುಬಿಲ್ಲೆಗಳ ಲಿವರ್ ಹೊಲಿದಳು.

ನನಗದು ಹೂರಣ ತುಂಬಿದ ಕಡುಬಿನಂತೆ ಕಂಡಿತು. "ಎಂಪನಾಡಾ ಚೆನ್ನಾಗಿ ಬೆಂದಿದೆ ಅಕ್ಕಾ. ಒಳಗೆ ಮಾಂಸವಾ, ಈರುಳ್ಳಿಯಾ?"

"ನಿನ್ ಕಣ್ಣಿಗೆ ತಿನ್ನೋದೇ ಕಾಣೋದು. ಅದಕ್ಕೇ ನಿನ್ ಲಿವರ್ ಯಾರೂ ಮುಟ್ಲಿಲ್ಲ."

ಆದರೆ ಮಿರ್ತಾ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಯಾರಾದ್ರೂ ಹೊಟ್ಟೆಗೆ ಒದ್ರೆ?"

ವರ್ಷದ ತಪಾಸಣೆಗೆ ಎಲ್ಲರೂ ಹೋದೆವು. ಡಾಕ್ಟರು ವರದಿ ನೋಡಿದರು. "ಲಿವರ್ ಇವಳ ಜೊತೇಲೇ ಬೆಳೀತಿದೆ. ಮಾತ್ರೆ ಒಂದು ಹೊತ್ತೂ ತಪ್ಪಿಸ್ಬೇಡಿ. ಉಳಿದಂತೆ ಓಡ್ಲಿ, ಕುಣೀಲಿ."

"ಹೊಲಿಗೆ ಬಿಚ್ಚಿದ್ರೆ?"

"ಅದು ಯಾವತ್ತೋ ಕೂಡ್ಕೊಂಡಿದೆಯಮ್ಮಾ!"

ಬಸ್ಸಿನಲ್ಲೂ ಮಿರ್ತಾ ಮುಖ ಗಂಟಿಕ್ಕಿಕೊಂಡಿದ್ದಳು. ಕೊನೆಗೆ ನೆಲಿಡಾ ಹೇಳಿದಳು: "ನಾನು ಕೊಟ್ಟಿದ್ದು ಇವಳನ್ನ ಬೀರೂಲಿಟ್ಟು ಬೀಗ ಹಾಕೋಕಲ್ಲ ಕಣೇ."

ಎರಡು ನಿಲ್ದಾಣ ದಾಟಿದ ಮೇಲೆ ಮಿರ್ತಾ, "ಒಂದೇ ಒಂದ್ಸಲ" ಎಂದಳು.

ಕಾರ್ನಿವಲ್ಲಿನ ಸಂಜೆ ಐಲೆನ್ ಮೂರನೇ ನೆಗೆತಕ್ಕೇ ಧೊಪ್ಪನೆ ಬಿದ್ದಳು. ನಗಾರಿಗಳು ನಿಂತವು. ನನ್ನ ಕೊಬ್ಬಿನ ಲಿವರ್ ಗಂಟಲಿಗೆ ಬಂತು. ಮಿರ್ತಾ ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. ಅಷ್ಟರಲ್ಲಿ ಮಗು ಎದ್ದು ಮೊಣಕಾಲು ಒರೆಸಿಕೊಂಡಿತ್ತು.

"ಅಮ್ಮಾ, ಜಾಗ ಬಿಡು! ಏನ್ ನೋಡ್ತಿದೀರಾ ಎಲ್ರೂ? ಬಡೀರಿ!"

ಬಡಿದರು. ಹಿಂದಿನ ಸಾಲು ಮುಂದೊತ್ತಿತು, ಮಿರ್ತಾಗೆ ಹೊರಬರಲು ದಾರಿಯೇ ಇಲ್ಲ. ಒಂದು ಗಳಿಗೆ ಮಗಳನ್ನೇ ನೋಡಿದಳು. ಆಮೇಲೆ ಕೈಚೀಲವನ್ನು ಎದೆಗವುಚಿಕೊಂಡು ಅವಳ ಹಿಂದೆಯೇ ಕುಣಿಯತೊಡಗಿದಳು.

ನೆಲಿಡಾ ಕುರ್ಚಿ ಹತ್ತಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಕಾಲು ಇನ್ನೂ ಮೇಲೆತ್ತೇ ಮಿರ್ತಾ!"